ನಾಲ್ಕು ತಾಲ್ಲೂಕಿನ ಹಳೇ ವೈಸ್‌ಗಳು

"ಹುಡುಗಿಯರ ಫಿಟ್ಟರ್ ಬ್ಯಾಚ್ ಈ ಜನ್ಮದಾಗೆ ಆಗಾಕಿಲ್ಲ ಬಿಡ್ರಿ" ಎಂದವರು ನಮ್ಮ ತರಬೇತಿ ಸಂಸ್ಥೆಯ ಕಾರ್ಯದರ್ಶಿ ಪರಮೇಶಪ್ಪನವರು. ಬೆನ್ನ ಹಿಂದೆ ಅಂದದ್ದಲ್ಲ, ಆಡಳಿತ ಮಂಡಳಿಯ ಸಭೆಯಲ್ಲಿ, ಮಂಡಕ್ಕಿ ಮೆಲ್ಲುತ್ತ, ನನ್ನ ಮುಖ ನೋಡಿಯೇ ಅಂದರು. ಹುಡುಗಿಯರು ಸೇರಲ್ಲ, ಸೇರಿದರೂ ನಿಲ್ಲಲ್ಲ, ನಿಂತರೂ ಅವರಿಗೆ ವೈಸ್ ಎಲ್ಲಿಂದ ತರ್ತೀರಿ ಎಂದು ಕೇಳಿದರು. ಮೊದಲ ಎರಡು ಮಾತಿಗೆ ನನ್ನ ಹತ್ತಿರ ಉತ್ತರ ಇತ್ತು. ಮೂರನೆಯದಕ್ಕೆ ಇರಲಿಲ್ಲ. ಅದೊಂದು ಮಾತು ಮಾತ್ರ ನಿಜವಾಗಿತ್ತು.

ನಾನು ನ್ಯಾಮತಿಯಲ್ಲಿ ಫಿಟ್ಟರ್ ಟ್ರೇಡಿನ ತರಬೇತುದಾರಳಾಗಿದ್ದು ಈಚೆಗೆ ನಿವೃತ್ತಳಾದೆ. ನಮ್ಮಪ್ಪ ಹೊನ್ನಾಳಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳೇ ನಾನು ಮೊದಲು. ಫಿಟ್ಟರ್ ಟ್ರೇಡಿನಲ್ಲಿ ಸೀಟು ಖಾಲಿ ಇತ್ತು, ಸೇರಿದೆ. ಕೆಲಸ ಮಾಡುತ್ತಲೇ ಅಂಚೆ ಶಿಕ್ಷಣದಲ್ಲಿ ಡಿಗ್ರಿ ಮಾಡಿದೆ. ಹಗಲು ಕಬ್ಬಿಣಕ್ಕೆ ಅರ ತಿಕ್ಕಿದ ಕೈಯಲ್ಲೇ ಸಂಜೆ ಪೆನ್ನು ಹಿಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಯಾರೂ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ ಅದು. ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದೂ ಕಡಿಮೆ, ಬಂದಾಗ ಕೆಲಸ ಬದಲಾದದ್ದೂ ಇಲ್ಲ. ಈಗ ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ನನ್ನ ಹತ್ತಿರ ಇದ್ದರೆ ಅದು ವೈಸ್‌ಗಳ ಕಥೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವೈಸ್ ಎಂದರೆ ಬೆಂಚಿಗೆ ಬೋಲ್ಟು ಬಿಗಿದು ಕೂರಿಸುವ ಕಬ್ಬಿಣದ ಬಾಯಿ. ಎರಡು ದವಡೆ, ನಡುವೆ ಒಂದು ದಪ್ಪ ಸ್ಕ್ರೂ, ಮುಂದೆ ತಿರುಗಿಸುವ ಹಿಡಿ. ಹಿಡಿ ತಿರುಗಿಸಿದರೆ ಬಾಯಿ ಮುಚ್ಚಿ ತುಂಡನ್ನು ಕಚ್ಚಿ ಹಿಡಿಯುತ್ತದೆ. ಫಿಟ್ಟರ್ ಕಲಿಯುವ ಮಗು ಮೊದಲ ತಿಂಗಳುಗಳನ್ನೆಲ್ಲ ಅದರ ಮುಂದೆ ನಿಂತೇ ಕಳೆಯಬೇಕು. ಆದ್ದರಿಂದ ಒಬ್ಬೊಬ್ಬರಿಗೂ ಒಂದೊಂದು ವೈಸ್ ಇರಲೇಬೇಕು ಎನ್ನುವುದು ನಿಯಮ. ಇದು ಒಳ್ಳೆಯ ನಿಯಮ. ಇಬ್ಬರಿಗೆ ಒಂದು ಕೊಟ್ಟು ನೋಡಿದ್ದೇನೆ. ಒಬ್ಬ ಅರ ಹಾಕುತ್ತಾನೆ, ಇನ್ನೊಬ್ಬ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಕೊನೆಗೆ ಇಬ್ಬರೂ ಅರ್ಧ ಫಿಟ್ಟರ್ ಆಗುತ್ತಾರೆ.

ನಮ್ಮಲ್ಲಿದ್ದ ವೈಸ್‌ಗಳು ಹುಡುಗರ ಬ್ಯಾಚಿಗೇ ಸರಿಹೋಗುತ್ತಿದ್ದವು. ಹೊಸದು ಕೊಳ್ಳಲು ಮಂಡಳಿ ಒಪ್ಪಲಿಲ್ಲ. "ಮೊದಲು ಬ್ಯಾಚ್ ಕಟ್ಟಿ ತೋರ್ಸ್ರಿ, ಆಮೇಲೆ ವೈಸ್" ಎಂದರು ಪರಮೇಶಪ್ಪನವರು. ವೈಸ್ ಇಲ್ಲದೆ ಬ್ಯಾಚ್ ಕಟ್ಟಲಾಗುವುದಿಲ್ಲ, ಬ್ಯಾಚ್ ಕಟ್ಟದೆ ವೈಸ್ ಬರುವುದಿಲ್ಲ. ಸಭೆ ಮುಗಿದ ಮೇಲೆ ನನಗೆ ಒಂದು ಯೋಚನೆ ಬಂತು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ಈ ನಾಲ್ಕು ತಾಲ್ಲೂಕಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಲ್ಲದ ಊರಿಲ್ಲ. ಎಷ್ಟೋ ಅಂಗಡಿಯ ಮೂಲೆಯಲ್ಲಿ ಅಪ್ಪನ ಕಾಲದ ವೈಸ್ ಒಂದು ಧೂಳು ಹೊತ್ತು ಕೂತಿರುತ್ತದೆ. ಅವನ್ನೇ ಹುಡುಕಿದರೆ ಹೇಗೆ?

ಭಾನುವಾರ ಭಾನುವಾರ ನನ್ನ ಸ್ಕೂಟಿ ಹತ್ತಿ ಹೊರಟೆ.

ಮೊದಲು ಹೋದದ್ದು ಚನ್ನಗಿರಿಗೆ. ಅಲ್ಲಿ ಮೌನೇಶಾಚಾರ್ ಎಂಬುವರು ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುತ್ತಿದ್ದರು.

"ಏನಮ್ಮಾ, ಮಿಷನ್ ಕೆಟ್ಟೈತಾ?" ಎಂದರು.

"ಇಲ್ಲಣ್ಣ. ಆ ಮೂಲೆಯಾಗಿರೋ ವೈಸ್ ನೋಡಾಕೆ ಬಂದೆ."

"ನೋಡಾಕಾ? ಹೆಣ್ಣು ನೋಡಾಕೆ ಬರೋರ್ನ ಕಂಡೀನಿ. ವೈಸ್ ನೋಡಾಕೆ ಬಂದೋರು ನೀವೇ ಮೊದಲು. ಉಪ್ಪಿಟ್ಟು ಮಾಡ್ಸ್ಲಾ?"

ನಗಾಡಿದರೂ ಮೇಲಿದ್ದ ಗೋಣಿಚೀಲ ತೆಗೆದು ತೋರಿಸಿದರು. ನಮ್ಮ ಕಡೆ ಆಯುಧ ಪೂಜೆಗೆ ವೈಸಿಗೆ ಹೊಸ ಬಣ್ಣ ಬಳಿಯುವುದು ರೂಢಿ. ವರ್ಷ ವರ್ಷ ಬಳಿದು ಬಳಿದು ಅದರ ಮೈಮೇಲೆ ದೋಸೆಯಷ್ಟು ದಪ್ಪ ಬಣ್ಣ ಕೂತಿತ್ತು. ಎಲ್ಲಿಯ ಮಾಲು, ಎಷ್ಟು ಹಳೆಯದು, ಒಂದೂ ಕಾಣುತ್ತಿರಲಿಲ್ಲ. ನಾನು ಹಿಂಬದಿಯಲ್ಲಿ, ಯಾರಿಗೂ ಕಾಣದ ಕಡೆ, ಬ್ಲೇಡಿನ ಮೂಲೆಯಿಂದ ಬೆರಳುಗುರಿನಷ್ಟು ಜಾಗ ಕೆರೆದೆ. ಮೇಲೆ ಹಸಿರು, ಹಸಿರಿನ ಕೆಳಗೆ ಹಸಿರೇ, ಅದರ ಕೆಳಗೆ ಕೆಂಪು, ಕೆಂಪಿನ ಕೆಳಗೆ ಮತ್ತೆ ಕೆಂಪು.

ಮೌನೇಶಾಚಾರ್ ಬಗ್ಗಿ ನೋಡಿದರು. ನಗು ನಿಂತಿತು. "ಕೆಂಪು ನಮ್ಮಪ್ಪನ ಕೈಯಿ. ಅಪ್ಪ ತೀರಿಕೊಂಡ ವರ್ಷ ನಮಗೆ ಹಬ್ಬ ಇರ್ಲಿಲ್ಲ. ಮಾರನೇ ವರ್ಷ ನಾನು ಬಳಿದೆ. ಹಸಿರು ನಂದು" ಎಂದರು. ಆಮೇಲೆ, "ಇದನ್ನ ಪೂರಾ ಕೆರೀಬ್ಯಾಡ್ರಿ ಮೇಡಂ" ಎಂದರು.

ಅವತ್ತಿನಿಂದ ನಾನು ಯಾವ ವೈಸನ್ನೂ ಮೊದಲೇ ತೊಳೆದು ಬೆಳಗಿಸಲು ಹೋಗಲಿಲ್ಲ. ಹೊಸಬರು ಇದನ್ನು ನೆನಪಿಡಿ. ಹಳೇ ವೈಸ್ ಕಣ್ಣಿಗೆ ಬಿದ್ದ ಕೂಡಲೇ ಸೀಮೆಎಣ್ಣೆ, ತಂತಿ ಬ್ರಷ್ ಹಿಡಿದು ಕೂರಬೇಡಿ. ಮೊದಲು ಬಾಯಿ ಪೂರ್ತಿ ತೆರೆದು ಸ್ಕ್ರೂ ನೋಡಿ. ಅದರ ಸುತ್ತುಗಳ ಅಂಚು ಚೌಕಾಗಿದ್ದು ಸವೆತ ಒಂದೇ ಸಮ ಇದ್ದರೆ ಒಳ್ಳೆಯ ಕೈಗಳಲ್ಲಿ ಬಾಳಿದೆ ಎಂದು ಅರ್ಥ. ಕೆಳಗೆ ಕೈ ಹಾಕಿ ನಟ್ಟು ಮುಟ್ಟಿ ನೋಡಿ, ಅದು ಬೇರೆ ತುಂಡೋ ಮೈಗೇ ಸೇರಿದ್ದೋ ಎಂದು. ದವಡೆಯ ಪ್ಲೇಟುಗಳು ಸ್ಕ್ರೂ ಹಾಕಿ ಕೂರಿಸಿದ್ದೋ, ಒಳಗಿಂದ ಪಿನ್ನು ಬಡಿದದ್ದೋ ನೋಡಿ. ಆಮೇಲೆ ಸಣ್ಣ ಸುತ್ತಿಗೆಯಿಂದ ಮೈಮೇಲೆ ಅಲ್ಲಲ್ಲಿ ತಟ್ಟಿ. ಎರಕ ಹೊಯ್ದ ಬೀಡು ಕಬ್ಬಿಣ ಎಲ್ಲಾದರೂ ಒಳಗೆ ಬಿರಿದಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ಅಕ್ಷರಗಳನ್ನು ಓದುವುದು ಎಲ್ಲಕ್ಕಿಂತ ಕೊನೆಗೆ.

ಅಕ್ಷರ ಕೊನೆಗೆ ಎಂದು ಯಾಕೆ ಹೇಳುತ್ತೇನೆ ಎಂದರೆ, ನಾನು ಮೊದಲು ಓದಿ ಪೆಚ್ಚಾದವಳು. ಹೊನ್ನಾಳಿಯಲ್ಲಿ ಬಾಷಾ ಸಾಬ್ ಎಂಬ ರೈಸ್‌ಮಿಲ್ ಮೆಕ್ಯಾನಿಕ್ ಇದ್ದಾರೆ. ಅವರ ಶೆಡ್ಡಿನ ವೈಸಿನ ಬೆನ್ನಮೇಲೆ ಇಂಗ್ಲಿಷ್ ಅಕ್ಷರ ಉಬ್ಬಿಕೊಂಡಿದ್ದವು, ಯಾವುದೋ ಪರದೇಶದ ಊರಿನ ಹೆಸರು. ಡಿಗ್ರಿ ಮಾಡಿದವಳಲ್ಲವೇ, ಜೋರಾಗಿ ಓದಿದೆ. ಶೆಡ್ಡಿನಲ್ಲಿದ್ದವರಿಗೆಲ್ಲ ಇದು ವಿಲಾಯ್ತಿ ಮಾಲು, ಹಡಗಿನಲ್ಲಿ ಬಂದದ್ದು ಎಂದು ಭಾಷಣವನ್ನೂ ಮಾಡಿದೆ. ಬಾಷಾ ಸಾಬ್ ಬೀಡಿ ಆರಿಸಿ, ತುಂಬ ಮರ್ಯಾದೆಯಿಂದ, "ಮೇಡಂ, ಹಡಗಿನಾಗೆ ಬಂದಿದ್ದು ಇದರ ತಾತ. ಇದು ಇಲ್ಲೇ ಹುಟ್ಟಿದ್ದು" ಎಂದರು.

ಯಾರೋ ಅಸಲಿ ವೈಸನ್ನೇ ಅಚ್ಚಾಗಿ ಮರಳಲ್ಲಿ ಒತ್ತಿ ಎರಕ ಹೊಯ್ದ ನಕಲು ಅದು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ನಕಲು ಅಸಲಿಗಿಂತ ಕೂದಲಷ್ಟು ಚಿಕ್ಕದು, ಅಕ್ಷರಗಳ ಮೂಲೆ ಬಳಸಿದ ಸೋಪಿನ ಹಾಗೆ ದುಂಡಗೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ. ನಾನು ಕಣ್ಣಲ್ಲಿ ಓದಿದ್ದೆ, ಬೆರಳಲ್ಲಿ ಓದಿರಲಿಲ್ಲ. ಇಬ್ಬರೂ ನಕ್ಕೆವು. ಒಂದು ಮಾತು ಸೇರಿಸಬೇಕು. ಆ ನಕಲು ವೈಸ್ ಕೆಲಸದಲ್ಲಿ ಎಳ್ಳಷ್ಟೂ ಕಡಿಮೆ ಇರಲಿಲ್ಲ. ತೆಳ್ಳನೆಯ ಕಾಗದವನ್ನು ಬಾಯಿಯ ಎರಡು ತುದಿಗೂ ಕಚ್ಚಿಸಿ ಎಳೆದು ನೋಡಿದೆ, ಎರಡೂ ಕಡೆ ಹರಿಯಿತೇ ಹೊರತು ಜಾರಲಿಲ್ಲ. ದವಡೆ ನೇರ ಇದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಬಸವಾಪಟ್ಟಣದ ಕುಲುಮೆಯಲ್ಲಿ ಉದ್ದ ಕಾಲು ನೆಲಕ್ಕೆ ಊರಿದ ವೈಸ್ ಸಿಕ್ಕಿತು. ಚಂದ ಇತ್ತು, ಆದರೆ ಅದು ಕಾದ ಕಬ್ಬಿಣ ಬಡಿಯಲು ಮಾಡಿದ್ದು, ಅರ ಹಾಕುವ ಕೆಲಸಕ್ಕೆ ಅದರ ಬಾಯಿ ಸರಿಯಲ್ಲ. ಕೈಮುಗಿದು ಬಂದೆ. ಚಂದ ಕಂಡದ್ದನ್ನೆಲ್ಲ ಹೊತ್ತು ತಂದರೆ ಮ್ಯೂಸಿಯಂ ಆಗುತ್ತದೆ, ವರ್ಕ್‌ಶಾಪ್ ಆಗುವುದಿಲ್ಲ.

ಗುರುತು ಹಿಡಿಯುವುದು ಹೀಗೆ ಕೈವಶವಾಯಿತು. ಪಡೆಯುವುದೇ ಆಗಲಿಲ್ಲ. ಯಾರನ್ನು ಕೇಳಿದರೂ ಒಂದೇ ಮಾತು: ಪೂಜೆ ಮಾಡಿದ ವೈಸ್ ಮಾರಾಕಿಲ್ಲ. ಪುಕ್ಕಟೆ ಕೊಡಿ ಎಂದರೆ, ಕೊಡಾಕೂ ಇಲ್ಲ. ಮೂಲೆಯಲ್ಲಿ ತುಕ್ಕು ಹಿಡಿದರೂ ಸರಿ, ಮನೆಯಲ್ಲಿರಬೇಕು.

ಇದನ್ನು ಬಿಡಿಸಿದವರು ಜಗಳೂರಿನ ತಿಪ್ಪಮ್ಮನವರು. ಅವರ ಮಗ ಓಬಣ್ಣ ಬೋರ್‌ವೆಲ್ ಮೋಟಾರು ರಿಪೇರಿಯವನು. ಅವನ ಅಂಗಡಿಯಲ್ಲಿದ್ದಷ್ಟು ಒಳ್ಳೆಯ ವೈಸನ್ನು ನಾನು ಬೇರೆಲ್ಲೂ ನೋಡಲಿಲ್ಲ. ಎರಕದ್ದಲ್ಲ, ಬಡಿದು ಮಾಡಿದ್ದು. ಸುತ್ತಿಗೆ ಮುಟ್ಟಿಸಿದರೆ ದೇವಸ್ಥಾನದ ಗಂಟೆಯ ಹಾಗೆ ನಾದ ಬರುತ್ತಿತ್ತು. ಓಬಣ್ಣನೂ ಕೊಡಾಕಿಲ್ಲ ಎಂದು ತಲೆ ಅಲ್ಲಾಡಿಸಿದ. ತಿಪ್ಪಮ್ಮ ಅಂಗಡಿಯ ಕಟ್ಟೆಯಲ್ಲಿ ಮೆಕ್ಕೆಜೋಳ ಬಿಡಿಸುತ್ತ ಕೂತಿದ್ದವರು ಕೇಳಿದರು:

"ಯಾರಿಗವ್ವಾ ಬೇಕು ಇದು?"

"ಹೆಣ್ಣುಮಕ್ಕಳಿಗೆ ಅಮ್ಮಾ. ಕೆಲಸ ಕಲಿಯಾಕೆ."

"ನಮ್ಮ ಯಜಮಾನ್ರು ಇದನ್ನ ಮಗಳು ಅಂತಿದ್ರು. ಮಗಳನ್ನ ಮಾರ್ತಾರೇನು? ಕಳಿಸ್ತಾರೆ. ಓಬಾ, ಕಳಿಸಿಕೊಡು. ಆದ್ರೆ ನೋಡವ್ವ, ಆಯುಧ ಪೂಜೆ ಹಬ್ಬಕ್ಕೆ ತವರಿಗೆ ಬರ್ಬೇಕು. ಪೂಜೆ ಮಾಡ್ಸ್ಕಂಡು, ಹಬ್ಬ ಉಂಡು, ಆಮೇಲೆ ಬರ್ಲಿ."

ಅಷ್ಟೇ. ಈ ಮಾತನ್ನು ನಾನು ಮೌನೇಶಾಚಾರ್ ಮುಂದೆ ಇಟ್ಟೆ, ಬಾಷಾ ಸಾಬ್ ಮುಂದೆ ಇಟ್ಟೆ, ನ್ಯಾಮತಿಯ ಸುತ್ತಿನ ಅಂಗಡಿಗಳಲ್ಲಿ ಇಟ್ಟೆ. ಮಾರು ಎಂದಾಗ ಮುಖ ತಿರುಗಿಸಿದವರೇ ಕಳಿಸು ಎಂದಾಗ ಸ್ಪ್ಯಾನರ್ ಹುಡುಕಿ ಬೋಲ್ಟು ಬಿಚ್ಚಿದರು. ಒಂದೊಂದಾಗಿ ವೈಸ್‌ಗಳು ನ್ಯಾಮತಿ ಸೇರಿದವು. ಬಿರುಕು ಬಿಟ್ಟದ್ದಕ್ಕೆ ಹಿತ್ತಾಳೆ ಬೆಸುಗೆ ಹಾಕಿಸಿದೆ, ಸವೆದ ದವಡೆಗೆ ಹೊಸ ಪ್ಲೇಟು ಮಾಡಿದೆ. ಇಲಾಖೆಯ ತಪಾಸಣೆ ಆಗುವವರೆಗೆ ಎಂದು ತಾತ್ಕಾಲಿಕ ಅನುಮತಿ ಸಿಕ್ಕಿತು. ಹುಡುಗಿಯರು ಬಂದರು.

ಅವರಲ್ಲಿ ಉಬ್ರಾಣಿಯ ರತ್ನಳ ವಿಷಯ ಹೇಳಬೇಕು. ಅಪ್ಪ ಅವ್ವ ಇಲ್ಲದ ಹುಡುಗಿ, ಸೋದರತ್ತೆ ಗಂಗಮ್ಮ ಸಾಕಿದ್ದು. ಸೇರಿಸಲು ಬಂದ ದಿನ ಗಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಮ್ಮೋರೆ, ಮನೆಯಾಗೆ ಯಾರಿಗೂ ಇಷ್ಟ ಇಲ್ಲ. ಕಬ್ಬಿಣ ತಿಕ್ಕಾಕೆ ಹುಡುಗೀನ ಬಸ್ ಹತ್ತಿಸ್ತೀಯಾ ಅಂತಾರೆ. ನಾನು ಒಬ್ಳೇ ಹಟ ಹಿಡಿದೀನಿ. ಸರ್ಟಿಫಿಕೇಟ್ ಅಂತ ಒಂದು ಕೈಗೆ ಬಂದ್ರೆ ನನ್ನ ಮಾತು ನಿಲ್ತದೆ. ಬರ್ಲಿಲ್ಲ ಅಂದ್ರೆ ಇನ್ಮೇಲೆ ಇವಳ ವಿಷಯದಾಗೆ ಅವರು ಹೇಳಿದ್ದೇ ನಡೆಯಾದು."

ರತ್ನಳಿಗೆ ಜಗಳೂರಿನ ವೈಸ್ ಕೊಟ್ಟೆ. ಅವಳು ಎಡಗೈಯವಳು. ಆ ವೈಸಿನ ಹಿಡಿ ಯಾವ ಕಡೆಯಿಂದ ಹಿಡಿದರೂ ಸಲೀಸಾಗಿ ತಿರುಗುತ್ತಿತ್ತು.

ನಾನು ಕಲಿತ ಕಾಲದಲ್ಲಿ ತಿಂಗಳುಗಟ್ಟಲೆ ಒಂದೇ ತುಂಡಿಗೆ ಅರ ಹಾಕಿಸುತ್ತಿದ್ದರು. ಅಂಗೈ ಬೊಬ್ಬೆ ಎದ್ದರೆ, "ಬಂತಾ, ಈಗ ಕೆಲಸ ಹತ್ತಿತು" ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಈಗ ಅಷ್ಟು ಹೊತ್ತು ಯಾರಿಗೂ ಇಲ್ಲ. ಪಾಠ ಪರದೆಯ ಮೇಲೆ ಬರುತ್ತದೆ, ಪರೀಕ್ಷೆಯೂ ಪರದೆಯ ಮೇಲೆ. ನಾನು ದೂರುವುದಿಲ್ಲ. ಯಂತ್ರ ಬದಲಾದರೆ ಕಲಿಸುವುದೂ ಬದಲಾಗಬೇಕು. ಒಂದನ್ನು ಮಾತ್ರ ಬಿಡಲಿಲ್ಲ. ಪ್ರತಿ ಹುಡುಗಿಯೂ ತನ್ನ ವೈಸನ್ನು ಕಣ್ಣು ಮುಚ್ಚಿ ಮುಟ್ಟಿ ಗುರುತು ಹಿಡಿಯಬೇಕು. ಶನಿವಾರ ಶನಿವಾರ ಇದೇ ಆಟ. ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಬೆಂಚಿನಿಂದ ಬೆಂಚಿಗೆ ತಡಕುತ್ತ, "ಏ, ಇದು ಚನ್ನಗಿರಿಯೋನು ಕಣೇ, ಬೆನ್ನು ಒರಟು" ಎಂದು ಕಿರುಚಾಡುತ್ತಿದ್ದರು. ಪರಮೇಶಪ್ಪನವರು ಬಾಗಿಲಲ್ಲಿ ನಿಂತು, "ಇದೇನ್ರಿ, ಕಣ್ಣಾಮುಚ್ಚಾಲೆ ಟ್ರೇಡಾ?" ಎಂದದ್ದುಂಟು.

ಆಯುಧ ಪೂಜೆ ಬಂತು. ಕೊಟ್ಟ ಮಾತಿನಂತೆ ಲಗೇಜ್ ಆಟೋ ಮಾಡಿ ವೈಸ್‌ಗಳನ್ನು ಅವರವರ ಊರಿಗೆ ಕಳಿಸಿದೆವು. ಹುಡುಗಿಯರು ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ ಬೀಳ್ಕೊಟ್ಟರು. ಬೆಂಚುಗಳ ಮೇಲೆ ಬೋಲ್ಟಿನ ತೂತು ಮಾತ್ರ ಉಳಿದವು. ಹಬ್ಬ ಕಳೆದು ಮುಂದಿನ ವಾರ ಬರುವುದು ಎಂದು ಲೆಕ್ಕ.

ವಿಜಯದಶಮಿಯ ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂತಿದ್ದೆ, ಪರಮೇಶಪ್ಪನವರ ಫೋನು ಬಂತು. ಮಾನ್ಯತೆಯ ತಪಾಸಣೆಗೆ ಅಧಿಕಾರಿ ನಾಳೆಯೇ ಬರುತ್ತಾರಂತೆ. ನಾಳೆ ಪಾಸಾಗದಿದ್ದರೆ ಹುಡುಗಿಯರ ಬ್ಯಾಚಿಗೆ ಮಾನ್ಯತೆ ಇಲ್ಲ. ಮಾನ್ಯತೆ ಇಲ್ಲದಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಅಷ್ಟೂ ಜನ ಮನೆಗೆ ಹೋಗಬೇಕು.

ಊಟ ಬಿಟ್ಟು ಫೋನು ಹಿಡಿದೆ. ಸುತ್ತಿನ ಊರಿನವರು, "ಬೆಳಿಗ್ಗೆನೇ ತಲುಪಿಸ್ತೀವಿ ಬಿಡ್ರಿ" ಎಂದರು. ಬಾಷಾ ಸಾಬ್, "ನನ್ನ ಗಾಡಿ ಮೇಲೆ ಕಟ್ಕಂಡು ಬರ್ತೀನಿ" ಎಂದರು. ಮೌನೇಶಾಚಾರ್ ಸ್ವಲ್ಪ ಎಳೆದರು. ದಶಮಿ ಕಳೆಯುವವರೆಗೂ ಪೂಜೆಗಿಟ್ಟ ಆಯುಧ ಅಲುಗಿಸುವಂತಿಲ್ಲ, ಬೆಳಗಾದ ಮೇಲೆ ತೆಗೆಯುತ್ತೇನೆ ಎಂದರು. ಓಬಣ್ಣ ಮಾತ್ರ ಫೋನನ್ನು ತಾಯಿಯ ಕೈಗೆ ಕೊಟ್ಟ.

"ನಾಳೆ ಶುಕ್ರವಾರ ಅಲ್ಲೇನವ್ವಾ?" ಎಂದರು ತಿಪ್ಪಮ್ಮ. "ಶುಕ್ರವಾರ ಮಗಳನ್ನ ಮನೆಯಿಂದ ಕಳಿಸ್ತಾರಾ ಯಾರಾದ್ರೂ? ಆಗಾಕಿಲ್ಲ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಪರೀಕ್ಷೆ ಎಂದೆ, ಹುಡುಗಿ ಎಂದೆ, ಕೊನೆಗೆ ದನಿಯೂ ಏರಿಸಿದೆ. "ಬೈಬ್ಯಾಡವ್ವ, ಯೋಚನೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು.

ಶುಕ್ರವಾರ ಬೆಳಿಗ್ಗೆಯಿಂದಲೇ ವೈಸ್‌ಗಳು ಬರತೊಡಗಿದವು. ಹೊಸ ಬಣ್ಣದ ವಾಸನೆ, ಮೈಮೇಲೆ ವಿಭೂತಿ ಪಟ್ಟೆ, ಕೊರಳಿಗೆ ಚೆಂಡುಹೂವಿನ ಹಾರ. ಬಾಷಾ ಸಾಬ್ ಬಿಸ್ಕತ್ತಿನ ಪೊಟ್ಟಣವನ್ನೂ ತಂದಿದ್ದರು, ಹುಡುಗಿಯರಿಗೆ ಎಂದು. ಹುಡುಗಿಯರು ಬೋಲ್ಟು ಬಿಗಿಯುತ್ತಿದ್ದರು. ರತ್ನ ತನ್ನ ಖಾಲಿ ಬೆಂಚನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಪರಮೇಶಪ್ಪನವರು ಎಲ್ಲಿಗೋ ಹೋಗಿ ಒಂದು ವೈಸ್ ಹೊರಿಸಿಕೊಂಡು ಬಂದರು, ಗುಜರಿಯಿಂದ. ನೀಲಿ ಬಣ್ಣ ಇನ್ನೂ ಒಣಗಿರಲಿಲ್ಲ. ರತ್ನಳ ಬೆಂಚಿನ ಮೇಲೆ ಇಡಿಸಿದರು. ನಾನು ಹಿಡಿ ತಿರುಗಿಸಿದೆ. ಸ್ಕ್ರೂ ಗರಗರ ಸುತ್ತಿತು, ದವಡೆ ಜಾಗ ಬಿಟ್ಟು ಕದಲಲಿಲ್ಲ. ಒಳಗೆ ನಟ್ಟೇ ಇರಲಿಲ್ಲ.

"ತಿರುಗಿಸಬ್ಯಾಡ್ರಿ" ಎಂದರು ಪರಮೇಶಪ್ಪನವರು. "ಕಣ್ಣಿಗೆ ಕಂಡ್ರೆ ಸಾಕು. ಆಫೀಸರು ಒಂದೊಂದನ್ನೂ ತಿರುಗಿಸ್ತಾ ಕೂರ್ತಾರಾ?"

"ಅವರು ತಿರುಗಿಸದಿದ್ರೂ ಇವಳು ತಿರುಗಿಸಬೇಕಲ್ಲ ಸರ್."

"ಈ ಒಂದಕ್ಕೋಸ್ಕರ ಎಲ್ಲರದೂ ಕಳೀತೀರಲ್ಲ!"

ಅವರು ಹೇಳಿದ್ದು ಸುಳ್ಳಲ್ಲ. ಆದರೂ ನಾನು, ರತ್ನ ಸೇರಿ ಅದನ್ನು ಎತ್ತಿ ಬೆಂಚಿನ ಕೆಳಗೆ ಇಟ್ಟೆವು. ಕಚ್ಚದ ಬಾಯಿಯ ಮುಂದೆ ಒಂದು ಮಗುವನ್ನು ನಿಲ್ಲಿಸಿ ಇದು ವೈಸ್ ಎಂದು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ.

ಅಧಿಕಾರಿ ಬಂದಾಗ ಚನ್ನಗಿರಿಯ ವೈಸೂ ಇನ್ನೂ ದಾರಿಯಲ್ಲಿತ್ತು. ಕನ್ನಡಕ ಹಾಕಿದ, ಹೆಚ್ಚು ಮಾತಿಲ್ಲದ ಮನುಷ್ಯ. ಬೆಂಗಳೂರು ಕಡೆಯವರು. ಬೆಂಚುಗಳ ಸಾಲು ನೋಡಿ ನಿಂತರು.

"ಏನ್ ಮೇಡಂ, ಬೆಂಚಿದೆ, ತೂತಿದೆ. ಇಲ್ಲಿನ ವೈಸ್ ಎಲ್ಲಿ?"

"ಹಬ್ಬಕ್ಕೆ ಹೋಗ್ಯಾವೆ ಸರ್."

"ಯಾರು?"

"ವೈಸ್‌ಗಳು, ಸರ್."

ಕನ್ನಡಕ ತೆಗೆದು ನನ್ನನ್ನು ನೋಡಿದರು. ಪರಮೇಶಪ್ಪನವರು ಗೋಡೆಯ ಕಡೆ ತಿರುಗಿದರು. ಮುಚ್ಚಿಡಲು ಏನೂ ಇರಲಿಲ್ಲ, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವು ಸಂಸ್ಥೆಯವಲ್ಲ, ಊರವರು ಕಳಿಸಿದವು, ತವರಿನ ಕರಾರು ಹೀಗೆ ಎಂದು. ಕೇಳಿ ಮುಗಿಸಿ, "ನನ್ನ ಸರ್ವಿಸಲ್ಲಿ ಇದು ಮೊದಲು. ಆಯ್ತು, ಸಂಜೆ ನೀವು ಬಾಗಿಲು ಹಾಕೋವರೆಗೂ ಇರ್ತೀನಿ" ಎಂದು ಕುರ್ಚಿ ಎಳೆದುಕೊಂಡರು. ಆಮೇಲೆ ಇದ್ದ ವೈಸ್‌ಗಳನ್ನು ಒಂದೊಂದಾಗಿ ತಿರುಗಿಸುತ್ತ ಹೊರಟರು. ಒಂದನ್ನೂ ಬಿಡಲಿಲ್ಲ. ಪರಮೇಶಪ್ಪನವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಮಧ್ಯಾಹ್ನ ಮೌನೇಶಾಚಾರ್ ಬಂದರು. ಉಳಿದದ್ದು ಒಂದೇ ಬೆಂಚು. ಓಬಣ್ಣನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಬಿಸಿಲು ಇಳಿಯಿತು. ಅಧಿಕಾರಿ ಒಮ್ಮೆ ಕೈಗಡಿಯಾರ ನೋಡಿಕೊಂಡರು. ವಾಚ್‌ಮನ್ ಕಿಟಕಿ ಮುಚ್ಚಲು ಶುರು ಮಾಡಿದ. ರತ್ನ ಬೆಂಚಿನ ಪಕ್ಕ ನಿಂತೇ ಇದ್ದಳು, ಕೂರು ಎಂದರೂ ಕೂರಲಿಲ್ಲ.

ಆಗ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಹೆಗಲ ಮೇಲೆ ಟವೆಲ್ ಸಿಂಬಿ, ಅದರ ಮೇಲೆ ಹೂವಿನ ಹಾರದ ವೈಸ್. ಓಬಣ್ಣ ಬೆವರಿನಲ್ಲಿ ತೊಯ್ದಿದ್ದ.

"ಏನಪ್ಪಾ, ಕಳಿಸಾಕಿಲ್ಲ ಅಂದ್ರಲ್ಲ ಅಮ್ಮ?"

"ಕಳಿಸಿಲ್ಲ ಮೇಡಂ. ಅವ್ವ ಅಂದ್ಲು, ಶುಕ್ರವಾರ ಒಂಟಿಯಾಗಿ ಕಳಿಸಬಾರ್ದು, ನೀನು ಜೊತೆಗೆ ಹೋಗಿ ಜೊತೆಗೇ ಕರ್ಕಂಡು ಬಾ, ಆಗ ಮನೆಯಿಂದ ಹೋದಂಗಲ್ಲ ಅಂತ. ಸಂಜೆ ವಾಪಸ್ ಒಯ್ತೀನಿ, ಸೋಮವಾರ ಮತ್ತೆ ತರ್ತೀನಿ." ಉಸಿರು ತೆಗೆದುಕೊಂಡು, "ಬಸ್ಸಿನಾಗೆ ಕಂಡಕ್ಟರ್ ಲಗೇಜ್ ಟಿಕೆಟ್ ಅಂದ. ಲಗೇಜ್ ಅಲ್ಲಣ್ಣ, ನಮ್ಮವ್ವನ ಮಗಳು ಅಂದೆ. ಹಂಗಾರೆ ಹೆಣ್ಣುಮಕ್ಕಳಿಗೆ ಫ್ರೀ, ಆಧಾರ್ ಕಾರ್ಡ್ ತೋರ್ಸು ಅಂದ" ಎಂದ.

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಅಧಿಕಾರಿ ನಗಲಿಲ್ಲ. ಅವರು ಬೆಂಚಿನ ಕೆಳಗೆ ಬಗ್ಗಿ ಆ ನೀಲಿ ವೈಸನ್ನು ನೋಡುತ್ತಿದ್ದರು. ಬೆರಳಿಗೆ ಹತ್ತಿದ ಹಸಿ ಬಣ್ಣವನ್ನು ತೋರಿಸಿ ಕೇಳಿದರು:

"ಇದು ಇವತ್ತು ಬಂದಿದ್ದು ಅಂತ ಗೊತ್ತಾಗುತ್ತೆ. ಈಗ ಬಂದಿರೋದೂ ಹಾಗೇ ಯಾವುದೋ ಅಂಗಡಿದಲ್ಲ ಅಂತ ನಾನು ಹೇಗೆ ನಂಬಲಿ? ಎರಡಕ್ಕೂ ಹೊಸ ಬಣ್ಣ. ಇದು ಈ ಹುಡುಗಿ ಕಲಿತ ವೈಸೇ ಅನ್ನೋದಕ್ಕೆ ಏನು ಗುರುತು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು. "ನೀವಲ್ಲ, ಅವಳು ಹೇಳಲಿ."

ರತ್ನ ವೈಸಿನ ಕಡೆ ನೋಡಲೂ ಇಲ್ಲ. ಅಧಿಕಾರಿಯನ್ನೇ ನೋಡುತ್ತ, ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಗಟ್ಟಿಯಾಗಿ ಹೇಳಿದಳು. "ಹಿಂದಿನ ದವಡೆ ಎಡಗಡೆ ಮೂಲೆಯಾಗೆ ಒಂದು ಕಚ್ಚು ಐತೆ ಸರ್. ನನ್ನ ಚಿಸೆಲ್ ಜಾರಿ ಬಿದ್ದಿದ್ದು. ಅವತ್ತು ಅತ್ತಿದ್ದೆ. ಹಿಡಿಯ ಒಂದು ತುದಿ ಗುಂಡು ದುಂಡಗೈತೆ, ಇನ್ನೊಂದು ತುದೀದು ಚಪ್ಪಟೆ. ಬಿಗಿ ಮಾಡುವಾಗ ಕೊನೆಗೆ ಒಂದು ಕಡೆ ಸ್ವಲ್ಪ ತಡೀತದೆ, ಅಲ್ಲಿ ನಿಲ್ಲಿಸಬಾರ್ದು, ಇನ್ನೊಂಚೂರು ತಿರುಗಿಸಬೇಕು. ಆಮೇಲೆ ಬಿಡಾಕಿಲ್ಲ."

ಅಧಿಕಾರಿ ಚೆಂಡುಹೂವನ್ನು ಸರಿಸಿ ದವಡೆಯ ಮೂಲೆಗೆ ಬೆರಳಿಟ್ಟರು. ಹಿಡಿಯ ಎರಡು ತುದಿ ಮುಟ್ಟಿದರು. ಆಮೇಲೆ ನಿಧಾನವಾಗಿ ತಿರುಗಿಸಿದರು. ಎಲ್ಲಿ ತಡೆಯುತ್ತದೆ ಎಂದಳೋ ಅಲ್ಲಿ ಅವರ ಕೈ ನಿಂತಿತು. ಇನ್ನೊಂಚೂರು ತಿರುಗಿಸಿದರು. ಅವರ ಮುಖ ಸಡಿಲವಾಯಿತು.

"ಬೋಲ್ಟ್ ಬಿಗಿಯಮ್ಮ" ಎಂದರು. "ಒಂದು ತುಂಡಿಗೆ ಅರ ಹಾಕಿ ತೋರಿಸು."

ಅವಳು ಅರ ಹಾಕಿ ಮುಗಿಸುವವರೆಗೂ ಓಬಣ್ಣ ವೈಸಿನ ಮೇಲೆ ಒಂದು ಕೈ ಇಟ್ಟುಕೊಂಡೇ ನಿಂತಿದ್ದ, ತವರಿನ ಕಡೆಯವನಾಗಿ. ಅಧಿಕಾರಿ ಪೆನ್ನು ತೆಗೆದರು. ತಮ್ಮ ವರದಿಯಲ್ಲಿ ಎಲ್ಲ ವೈಸ್‌ಗಳೂ ಬಳಕೆಗೆ ಯೋಗ್ಯ ಎಂದು ಬರೆದರು. ಮುಂದಿನ ವರ್ಷದೊಳಗೆ ಸಂಸ್ಥೆ ಸ್ವಂತ ವೈಸ್ ಕೊಳ್ಳಬೇಕು ಎಂದು ಷರತ್ತು ಹಾಕಿ, ಅದರ ಕೆಳಗೆ ಪರಮೇಶಪ್ಪನವರ ಸಹಿ ಪಡೆದರು. ಪರಮೇಶಪ್ಪನವರು ಸಹಿ ಹಾಕಿದ್ದು ಸಂತೋಷದಿಂದಲೇ. ಅವರನ್ನು ಕೆಟ್ಟವರು ಎನ್ನಲಾರೆ. ಬಾಗಿಲ ಹೊರಗೆ ನನಗೆ, "ಆ ನೀಲಿದನ್ನ ನೀವು ತೆಗೆದಿಡದೇ ಇದ್ದಿದ್ರೆ ಇವತ್ತು ನನ್ನ ಮಾನ ಹೋಗಿರ್ತಿತ್ತು ಸಾವಿತ್ರಮ್ಮ" ಎಂದರು. ನಾನು ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾರೋ ಹುಡುಗಿ ನೀರು ತಂದುಕೊಟ್ಟಳು. ಅಷ್ಟು ರುಚಿಯಾದ ನೀರು ಆಮೇಲೆ ಕುಡಿದ ನೆನಪಿಲ್ಲ.

ಮಾರನೇ ವರ್ಷ ಹೊಸ ವೈಸ್‌ಗಳು ಬಂದವು. ಹಳೆಯವನ್ನು ಅವರವರ ಮನೆಗೆ ಮುಟ್ಟಿಸಿದೆ. ಈಗಲೂ ಯಾರಾದರೂ ಹಳೇ ವೈಸಿನ ಫೋಟೋ ಫೋನಿಗೆ ಕಳಿಸಿ, "ಮೇಡಂ, ಇದು ಎಲ್ಲಿಯದು, ಅಸಲಿಯಾ?" ಎಂದು ಕೇಳುತ್ತಾರೆ. ಫೋಟೋದಲ್ಲಿ ಹೇಳಲಾರೆ, ಮುಟ್ಟಬೇಕು ಎನ್ನುತ್ತೇನೆ. ಬಸ್ಸು ಹತ್ತಿ ಹೋಗುತ್ತೇನೆ. ನನಗೂ ಈಗ ಟಿಕೆಟ್ ಇಲ್ಲವಲ್ಲ.

ಹುಡುಗಿಯರ ಬ್ಯಾಚಿನ ಸರ್ಟಿಫಿಕೇಟ್ ಬಂದದ್ದು ನಾನು ನಿವೃತ್ತಳಾಗುವ ತಿಂಗಳಲ್ಲಿ. ವೇದಿಕೆ, ಶಾಮಿಯಾನ ಏನೂ ಇರಲಿಲ್ಲ. ವರ್ಕ್‌ಶಾಪಿನಲ್ಲೇ ಹೆಸರು ಕರೆದು ಕೊಟ್ಟೆವು. ರತ್ನಳ ಜೊತೆ ಗಂಗಮ್ಮ ಉಬ್ರಾಣಿಯಿಂದ ಬಂದಿದ್ದರು, ಮಡಿಕೆ ಮುರಿಯದ ಸೀರೆ ಉಟ್ಟು. ರತ್ನ ಆಗಲೇ ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ್ದಳು. ಬರುವ ದಾರಿಯಲ್ಲಿ ಅವರಿದ್ದ ಲಗೇಜ್ ಆಟೋ ಕೆಟ್ಟು, ಅದರ ಕ್ಲಚ್ ಕೇಬಲನ್ನು ಇವಳೇ ಕೂರಿಸಿದ್ದಳಂತೆ, ಕೈ ಕಪ್ಪಗಿತ್ತು. ಹೆಸರು ಕರೆದಾಗ ಕೈ ಹಿಂದಕ್ಕೆ ಮಾಡಿಕೊಂಡಳು.

"ತಗೋಳಮ್ಮ" ಎಂದೆ.

"ಮೇಡಂ, ಗ್ರೀಸು... ಅತ್ತೆ ಕೈಗೆ ಕೊಡ್ರಿ."

ನಾನು ಗಂಗಮ್ಮನ ಕಡೆ ಚಾಚಿದೆ. ಅವರು ಅದನ್ನು ಹಿಡಿಯಲಿಲ್ಲ. ರತ್ನಳ ಕೈಯನ್ನು ಹಿಂದಿನಿಂದ ಎಳೆದು ಮುಂದೆ ತಂದು, ಅದರ ಮೇಲೆ ನಾನೇ ಸರ್ಟಿಫಿಕೇಟ್ ಇಡುವ ಹಾಗೆ ಮಾಡಿದರು. ಅಂಚಿನಲ್ಲಿ ಹೆಬ್ಬೆರಳಿನ ಗುರುತು ಕಪ್ಪಗೆ ಮೂಡಿತು. ರತ್ನ "ಅಯ್ಯೋ" ಎಂದು ದುಪಟ್ಟಾದಲ್ಲಿ ಒರೆಸಲು ಹೋದಳು.

"ಒರೆಸಬ್ಯಾಡ, ಇರ್ಲಿ ಬಿಡು" ಎಂದರು ಗಂಗಮ್ಮ. "ಮನೆಯಾಗೆ ಓದಾಕೆ ಬರದೋರೇ ಜಾಸ್ತಿ. ಅದನ್ನ ನೋಡಿದ್ರಾದ್ರೂ ನಿಂದು ಅಂತ ಗೊತ್ತಾಗ್ಲಿ."